ಐವತ್ತು ಮೀಟರ್

ಮಳವಳ್ಳಿ ಕಡೆಯಿಂದ ಬಂದು ಸತ್ತೇಗಾಲದ ಹತ್ತಿರ ಕಾವೇರಿ ದಾಟಿದ ಮೇಲೆ, ಕೊಳ್ಳೇಗಾಲ ಎಲ್ಲಿಂದ ಶುರುವಾಗುತ್ತದೆ ಎಂದು ಹೇಳುವುದು ಈಗ ಕಷ್ಟ. ಹಿಂದೆ ಕಬ್ಬಿನ ಗದ್ದೆ, ಹಿಪ್ಪುನೇರಳೆ ತೋಟ ಮುಗಿದು ಮರಡಿಗುಡ್ಡ ಕಣ್ಣಿಗೆ ಬಿದ್ದರೆ ಊರು ಬಂತೆಂದು ಬಸ್ಸಿನಲ್ಲಿ ಚೀಲ ಎತ್ತಿಕೊಳ್ಳುತ್ತಿದ್ದೆವು. ಈಗ ಅದಕ್ಕೆ ಮೊದಲೇ ಕಲ್ಯಾಣ ಮಂಟಪ, ಸಿಮೆಂಟ್ ಇಟ್ಟಿಗೆ ಮಾಡುವ ಶೆಡ್ಡು, ಟೈಲ್ಸ್ ಅಂಗಡಿ, ಬಣ್ಣದ ಬಾವುಟ ಕಟ್ಟಿದ ಹೊಸ ಬಡಾವಣೆಗಳ ಕಮಾನು. ಹನೂರಿನ ಕಡೆ ಹೊರಟರೂ ಇದೇ, ಯಳಂದೂರಿನ ಕಡೆ ಹೊರಟರೂ ಇದೇ. ಊರು ರಸ್ತೆಯನ್ನು ಹಿಡಿದುಕೊಂಡು ಉದ್ದುದ್ದಕ್ಕೆ ಬೆಳೆಯುತ್ತಿದೆ. ದೇವಾಂಗಪೇಟೆಯ ಮಗ್ಗದ ಮನೆಗಳಲ್ಲಿ ಜಾಗ ಸಾಲದೆ ಬೇರೆಯಾದ ಅಣ್ಣತಮ್ಮಂದಿರು, ಮಕ್ಕಳ ಓದಿಗೆಂದು ಹಳ್ಳಿ ಬಿಟ್ಟು ಬಂದವರು, ನಿವೃತ್ತಿಯ ದುಡ್ಡಿನಲ್ಲಿ ಮೂವತ್ತು ನಲವತ್ತರ ಸೈಟು ಕೊಂಡವರು, ಎಲ್ಲರೂ ಈ ಅಂಚಿಗೇ ಬಂದು ಮನೆ ಕಟ್ಟುತ್ತಿದ್ದಾರೆ.

ಅಂಥದೊಂದು ಬಡಾವಣೆಯ ವಿಷಯ ಇದು. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ಪೇಟೆಗಳಲ್ಲಿ ಯಾವುದರ ಅಂಚಿನದು ಎಂದು ಬರೆಯುವುದಿಲ್ಲ. ಅಲ್ಲಿಯವರು ಕೊಟ್ಟ ಅರ್ಜಿ ಇನ್ನೂ ಕಚೇರಿಯಲ್ಲಿದೆ, ಸಹಿ ಹಾಕಿದವರು ಆ ಬಡಾವಣೆಯಲ್ಲೇ ಬಾಳಬೇಕು.

ರಸ್ತೆಗೆ ಮುಖ ಮಾಡಿದ ಅರ್ಧ ಎಕರೆಯಷ್ಟು ಹೊಲ. ಕಳೆದ ವರ್ಷದವರೆಗೂ ಹುರುಳಿ ಬಿತ್ತುತ್ತಿದ್ದರು. ಒಂದು ಬೆಳಿಗ್ಗೆ ಜೆಸಿಬಿ ಬಂದು ಬದು ಒಡೆದು ಮಟ್ಟ ಮಾಡಿ ಹೋಯಿತು. ಮೂಲೆಯ ಬೇವಿನ ಮರ ಉರುಳಿತು. ನಾಲ್ಕು ಕಡೆ ಸುಣ್ಣ ಬಳಿದ ಕಲ್ಲು ನೆಟ್ಟರು. ಆ ಮರದ ನೆರಳಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸರಿಗೇ ಸುದ್ದಿ ಮೊದಲು ಗೊತ್ತಾದದ್ದು.

‘ಪೆಟ್ರೋಲ್ ಬಂಕ್ ಬತ್ತದಂತೆ ಕನಕ್ಕ.’

ಮೊದಲ ದಿನ ಯಾರೂ ವಿರೋಧಿಸಲಿಲ್ಲ. ರಾತ್ರಿಯೆಲ್ಲ ಲೈಟು ಇರುತ್ತದೆ, ಕಳ್ಳರ ಭಯ ತಪ್ಪುತ್ತದೆ ಎಂದವರಿದ್ದರು. ‘ಸೈಟಿನ ರೇಟು ಏರ್ತದೆ ಬುಡಿ’ ಎಂದು ಇನ್ನೊಬ್ಬರು. ಬೈಕಿಗೆ ಗಾಳಿ ತುಂಬಿಸಲು ಪೇಟೆಯವರೆಗೆ ಹೋಗುವುದು ತಪ್ಪಿತೆಂದು ಹುಡುಗರಿಗೆ ಖುಷಿ. ಮನಸ್ಸು ಬದಲಾದದ್ದು ನಿಧಾನವಾಗಿ, ಒಬ್ಬೊಬ್ಬರದು ಒಂದೊಂದು ಕಾರಣಕ್ಕೆ. ಹಿಂದಿನ ಸಾಲಿನಲ್ಲಿ ರೇಷ್ಮೆ ಹುಳು ಸಾಕುವ ಹೆಂಗಸಿಗೆ ಹುಳುಮನೆಯ ಚಿಂತೆ. ಹಾಲುಗೂಸಿನ ಮನೆಯವರಿಗೆ ವಾಸನೆಯ ಚಿಂತೆ. ರಸ್ತೆ ದಾಟಿ ಅಂಗನವಾಡಿಗೆ ಹೋಗುವ ಮಕ್ಕಳ ತಾಯಂದಿರಿಗೆ ಲಾರಿಗಳ ಚಿಂತೆ. ಇವನ್ನೆಲ್ಲ ಒಂದು ಅರ್ಜಿಯಾಗಿ ಕೂರಿಸಿದವರು ನಿವೃತ್ತ ಮೇಷ್ಟ್ರೊಬ್ಬರು.

ಈ ಭಾಗಕ್ಕೆ ಬಂಕ್ ಬೇಡವೇ ಬೇಡ ಎನ್ನುವವನು ನಾನಲ್ಲ. ಕೊಳ್ಳೇಗಾಲದಿಂದ ಕಾಮಗೆರೆ, ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದ ತಿರುವುಗಳನ್ನು ಹತ್ತಿ ಮಾದಪ್ಪನ ಬೆಟ್ಟ ಸೇರುವ ದಾರಿಯಲ್ಲಿ ಅಮಾವಾಸ್ಯೆಯ ದಿನ ನಿಂತು ನೋಡಿದರೆ ಇಂಧನದ ಅಗತ್ಯ ಎಷ್ಟೆಂದು ಯಾರೂ ವಿವರಿಸಬೇಕಾಗಿಲ್ಲ. ಬಸ್ಸು, ಟೆಂಪೋ, ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡ ಕುಟುಂಬಗಳು, ಬೈಕಿನ ಮೇಲೆ ಮೂವರು, ಬದಿಯಲ್ಲಿ ಕಾಲ್ನಡಿಗೆಯವರು. ಲೊಕ್ಕನಹಳ್ಳಿ ಕಡೆಯ ರೈತ ಟ್ರ್ಯಾಕ್ಟರಿಗೆ ಡೀಸೆಲ್ ಬೇಕೆಂದರೆ ಕ್ಯಾನು ಕಟ್ಟಿಕೊಂಡು ಹೊರಡಬೇಕು. ಬಂಕ್ ಇಲ್ಲದ ಕಡೆ ಪೆಟ್ಟಿಗೆ ಅಂಗಡಿಯ ಹಲಗೆಯ ಮೇಲೆ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಮಾರಾಟಕ್ಕೆ ಬರುತ್ತದೆ, ಪಕ್ಕದಲ್ಲೇ ಬೀಡಿ, ಬೆಂಕಿಪೊಟ್ಟಣ. ಪರವಾನಗಿ ಇಲ್ಲದೆ ಮಾರಾಟಕ್ಕೆಂದು ಪೆಟ್ರೋಲ್ ಇಟ್ಟುಕೊಳ್ಳುವುದು 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಅಪರಾಧ. ಆ ಬಾಟಲಿಗಿಂತ ಬಂಕ್ ಸಾವಿರ ಪಾಲು ಮೇಲು. ಬಡಾವಣೆಯವರೂ ಇದನ್ನೇ ಹೇಳುತ್ತಾರೆ. ಬರಲಿ, ಆದರೆ ಮನೆಯಿಂದ ದೂರ ಬರಲಿ.

ದೂರ ಎಂದರೆ ಎಷ್ಟು? ಒಂದು ಭಾನುವಾರ ಸಂಜೆ ಅದನ್ನೇ ಅಳೆದರು.

ಮಾಹಿತಿ ಹಕ್ಕಿನಲ್ಲಿ ಪಡೆದ ನಕ್ಷೆಯ ಜೆರಾಕ್ಸ್ ಮೇಷ್ಟ್ರ ಕೈಯಲ್ಲಿತ್ತು. ಟೇಪು ಹಿಡಿದವರು ಗಾರೆ ಕೆಲಸದ ಮೇಸ್ತ್ರಿ, ಅದೇ ಬಡಾವಣೆಯವರು. ಟೇಪು ಮೂವತ್ತು ಮೀಟರಿನದು, ತುದಿಯ ಹತ್ತಂಕಿಗಳು ಸವೆದು ಹೋಗಿವೆ. ಮೇಸ್ತ್ರಿ ನೇರ ಕಲ್ಲಿನ ಹತ್ತಿರ ಹೋಗಿ ಟೇಪಿನ ಕೊಕ್ಕೆ ಸಿಕ್ಕಿಸಿದರು.

‘ಅಲ್ಲಿಂದಲ್ಲ ಕಣಪ್ಪ’ ಎಂದರು ಮೇಷ್ಟ್ರು. ‘ಬೇಲಿಯಿಂದ ಅಳೆಯೋ ಹಾಗಿಲ್ಲ. ಟ್ಯಾಂಕರಿಂದ ಎಣ್ಣೆ ಇಳಿಸೋ ಬಾಯಿ, ಗಾಡಿಗೆ ಹಾಕೋ ಮಿಷನ್ನು, ಗಾಳಿ ಬಿಡೋ ಕೊಳವೆ, ಈ ಮೂರರಲ್ಲಿ ಯಾವುದು ಮನೆಗೆ ಹತ್ರವೋ ಅಲ್ಲಿಂದ.’

ನಕ್ಷೆ ನೋಡಿ ಹೆಜ್ಜೆ ಹಾಕಿ ಗಾಳಿಕೊಳವೆ ಬರುವ ಜಾಗ ಗುರುತು ಮಾಡಿದರು. ಅಲ್ಲಿ ಒಂದು ಕೋಲು ನೆಟ್ಟು, ಹುಡುಗನೊಬ್ಬ ಅದನ್ನು ಹಿಡಿದು ನಿಂತ. ಮೇಸ್ತ್ರಿ ಟೇಪು ಎಳೆದುಕೊಂಡು ಉರುಳಿದ ಬೇವಿನ ಬೊಡ್ಡೆ ದಾಟಿ, ಚರಂಡಿ ದಾಟಿ, ಮೊದಲ ಮನೆಯ ಕಡೆ ನಡೆದರು. ಮೂವತ್ತು ಮುಗಿಯಿತು, ಗೋಡೆ ಇನ್ನೂ ಸಿಕ್ಕಿರಲಿಲ್ಲ. ನೆಲದ ಮೇಲೆ ಇಟ್ಟಿಗೆ ಚೂರಿನಿಂದ ಗೆರೆ ಎಳೆದು ಮತ್ತೆ ಟೇಪು ಹಿಡಿದರು. ಒಟ್ಟು ಮೂವತ್ತನಾಲ್ಕು ಮೀಟರಿಗೆ ಅಡುಗೆಮನೆಯ ಗೋಡೆ ಬಂತು. ಒಳಗೆ ಒಲೆ ಉರಿಯುತ್ತಿತ್ತು. ಸಾರಿನ ಒಗ್ಗರಣೆಯ ಘಾಟು ಕಿಟಕಿಯಿಂದ ಹೊರಗೆ ಬಂದು, ಗೋಡೆಗೆ ಟೇಪು ಒತ್ತಿ ನಿಂತಿದ್ದ ಮೇಸ್ತ್ರಿ ಸೀನಿದರು. ಆ ಮನೆಯ ಹೆಂಗಸು ಸೌಟು ಹಿಡಿದೇ ಬಾಗಿಲಿಗೆ ಬಂದರು.

‘ಎಷ್ಟಾಯ್ತು ಸಾ?’

‘ಮೂವತ್ನಾಲ್ಕು ಕನವ್ವ.’

‘ಅದು ಆಯ್ತದೋ, ಆಗಲ್ವೋ?’

ಯಾರೂ ತಕ್ಷಣ ಉತ್ತರ ಹೇಳಲಿಲ್ಲ. ಏಕೆಂದರೆ ನಿಯಮವಿರುವುದೇ ಹಾಗೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದ ಬೆನ್ನಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿ 7ರಂದು ಹೊಸ ಬಂಕ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. ಶಾಲೆ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆ, ವಸತಿ ಪ್ರದೇಶ ಇವುಗಳಿಂದ 50 ಮೀಟರ್ ಒಳಗೆ ಹೊಸ ಬಂಕ್ ಬರಕೂಡದು. ಅಷ್ಟು ಜಾಗ ಬಿಡಲು ಸಾಧ್ಯವೇ ಇಲ್ಲದ ಕಡೆ, ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯಾದ ಪೆಸೊ ಹೇಳುವ ಹೆಚ್ಚುವರಿ ಸುರಕ್ಷತಾ ಕ್ರಮ ಕೈಗೊಳ್ಳಬೇಕು. ಏನೇ ಆದರೂ 30 ಮೀಟರಿಗಿಂತ ಕಡಿಮೆ ಆಗಕೂಡದು. ಬಂಕಿನ ನೆತ್ತಿಯ ಮೇಲೆ ಹೈಟೆನ್ಷನ್ ತಂತಿ ಹಾಯಕೂಡದು.

ಮೂವತ್ತನಾಲ್ಕು ಎಂದರೆ ಐವತ್ತಕ್ಕೆ ಬಹಳ ಕಡಿಮೆ, ಮೂವತ್ತಕ್ಕೆ ಸ್ವಲ್ಪ ಹೆಚ್ಚು. ಅನಿವಾರ್ಯವಾದರೆ ಮಾತ್ರ ಕೊಡಬೇಕಾದ ರಿಯಾಯಿತಿಯ ಪಟ್ಟಿಯಲ್ಲಿ ಆ ಅಡುಗೆಮನೆ ನಿಂತಿದೆ. ನನ್ನ ಪ್ರಶ್ನೆ ಇರುವುದು ಇಲ್ಲೇ. ಮುಂಬಯಿಯ ಗಲ್ಲಿಯಲ್ಲಿ, ಬೆಂಗಳೂರಿನ ಹಳೆಪೇಟೆಯಲ್ಲಿ ಜಾಗವಿಲ್ಲ ಎಂದರೆ ನಂಬಬಹುದು. ನಮ್ಮ ಸಣ್ಣ ಪೇಟೆಯ ಅಂಚಿನಲ್ಲಿ ಅನಿವಾರ್ಯತೆ ಎಲ್ಲಿಂದ ಬಂತು? ಈ ಹೊಲದಿಂದ ಒಂದು ಕಿಲೋಮೀಟರ್ ಮುಂದೆ ಹೋದರೆ ರಸ್ತೆಯ ಎರಡೂ ಬದಿ ಬಯಲು. ಬೈಪಾಸ್ ರಸ್ತೆಗಳ ಬದಿಯಲ್ಲೂ ಕಣ್ಣು ಹಾಯುವಷ್ಟು ದೂರ ಮನೆಯಿಲ್ಲದ ಜಾಗವಿದೆ. ಇಲ್ಲಿ ಅನಿವಾರ್ಯ ಎಂಬುದಕ್ಕೆ ಇರುವ ಅರ್ಥ ಒಂದೇ: ಅರ್ಜಿ ಹಾಕಿದವರಿಗೆ ಸಿಕ್ಕ ಜಾಗ ಇದು. 2018ರ ನವೆಂಬರ್‌ನಲ್ಲಿ ಸರ್ಕಾರಿ ತೈಲ ಕಂಪನಿಗಳು ದೇಶದಾದ್ಯಂತ ಐವತ್ತು ಸಾವಿರಕ್ಕೂ ಹೆಚ್ಚು ಹೊಸ ಬಂಕ್‌ಗಳಿಗೆ ಒಟ್ಟಿಗೇ ಜಾಹೀರಾತು ಕೊಟ್ಟವು. ಇಂಥ ಊರಿಗೂ ಇಂಥ ಊರಿಗೂ ನಡುವೆ, ರಸ್ತೆಯ ಇಂಥ ಬದಿ ಎಂದು ಜಾಗ ಹೇಳುವುದು ಆ ಜಾಹೀರಾತುಗಳ ಪದ್ಧತಿ. ಎರಡು ಊರುಗಳ ನಡುವೆ ಹತ್ತಾರು ಕಿಲೋಮೀಟರ್ ಇರುವಾಗಲೂ ಆಯ್ಕೆ ಬಂದು ಬೀಳುವುದು ಮನೆಗಳ ಮಗ್ಗುಲಿಗೆ. ಕರೆಂಟು, ನೀರು, ಗಿರಾಕಿ ಮೂರೂ ಇಲ್ಲೇ ಸಿಗುತ್ತವೆ.

ಟ್ಯಾಂಕರ್ ಬಂದು ಎಣ್ಣೆ ಇಳಿಸುವುದನ್ನು ಹತ್ತಿರದಿಂದ ನೋಡಿದವರಿಗೆ ಅಂತರ ಯಾಕೆ ಬೇಕೆಂದು ಗೊತ್ತಾಗುತ್ತದೆ. ಲಾರಿ ನಿಲ್ಲುತ್ತದೆ, ಎಂಜಿನ್ ಆಫ್ ಆಗುತ್ತದೆ, ಭೂಮಿಗೆ ಅರ್ಥಿಂಗ್ ತಂತಿ ಸಿಕ್ಕಿಸುತ್ತಾರೆ, ನೆಲದ ಮುಚ್ಚಳ ತೆಗೆದು ದಪ್ಪ ಹೋಸ್ ಪೈಪು ಜೋಡಿಸುತ್ತಾರೆ. ಹನ್ನೆರಡು ಸಾವಿರ ಲೀಟರ್ ನೆಲದೊಳಗಿನ ಟ್ಯಾಂಕಿಗೆ ಇಳಿಯುತ್ತದೆ. ಅಷ್ಟು ಎಣ್ಣೆ ಒಳಗೆ ಹೋಗಬೇಕಾದರೆ, ಖಾಲಿ ಟ್ಯಾಂಕಿನಲ್ಲಿ ತುಂಬಿಕೊಂಡಿದ್ದ ಅಷ್ಟೇ ಲೀಟರ್ ಆವಿ ಹೊರಗೆ ಬರಲೇಬೇಕು. ಅದು ಬರುವುದು ಗಾಳಿಕೊಳವೆಯ ತುದಿಯಿಂದ. ನೆಲದಿಂದ ಕನಿಷ್ಠ ನಾಲ್ಕು ಮೀಟರ್ ಎತ್ತರದ ಕೊಳವೆ. ಅಂದರೆ ಹೆಚ್ಚುಕಡಿಮೆ ಮಹಡಿ ಮನೆಯ ಕಿಟಕಿಯ ಮಟ್ಟ. ಆ ಆವಿಯನ್ನು ಹೊರಗೆ ಬಿಡದೆ ಮತ್ತೆ ಲಾರಿಗೇ ಹಿಂತಿರುಗಿಸುವ ವ್ಯವಸ್ಥೆ ಉಂಟು. ಆದರೆ ಅದು ಕಡ್ಡಾಯವಾಗುವುದು ತಿಂಗಳಿಗೆ ದೊಡ್ಡ ಪ್ರಮಾಣದಲ್ಲಿ ಪೆಟ್ರೋಲ್ ಮಾರುವ ಬಂಕ್‌ಗಳಿಗೆ. ನಮ್ಮ ಸಣ್ಣ ಪೇಟೆಯ ಬಂಕಿಗೆ ಆ ಕಟ್ಟಳೆ ಮುಟ್ಟದೇ ಹೋಗುವ ಸಾಧ್ಯತೆ ಹೆಚ್ಚು, ಇಲ್ಲಿಯವರು ಉಸಿರಾಡುವುದು ಮಾತ್ರ ಅದೇ ಆವಿಯನ್ನು.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಎರಡು ಬಂಕ್‌ಗಳ ಗಾಳಿಕೊಳವೆಗೆ ಮಾಪಕ ಜೋಡಿಸಿ ಅಳೆದು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿ ಅಂತರದ ನಿಯಮ ಮಾಡುವಾಗ ಅಂದಾಜಿಸಿದ್ದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಆವಿ ಹೊರಬರುತ್ತಿತ್ತು. ಪೆಟ್ರೋಲಿನಲ್ಲಿ ಬೆಂಜೀನ್ ಇದೆ. ಈಗಿನ ಬಿಎಸ್-6 ಪೆಟ್ರೋಲಿನಲ್ಲಿ ಅದು ನೂರಕ್ಕೆ ಒಂದು ಪಾಲು ಮೀರಬಾರದೆಂಬ ಮಿತಿಯಿದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಸಾಬೀತಾದ ವಸ್ತುಗಳ ಮೊದಲ ಗುಂಪಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬೆಂಜೀನನ್ನು ಸೇರಿಸಿದೆ. ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಎರಡು ನಿಮಿಷದಲ್ಲಿ ಹೊರಡುವವನಿಗೆ ಇದು ದೊಡ್ಡ ಮಾತಲ್ಲ. ಮೂವತ್ತನಾಲ್ಕು ಮೀಟರಿನಲ್ಲಿ ಹಗಲೂ ರಾತ್ರಿಯೂ ಇರುವವರ ಲೆಕ್ಕ ಬೇರೆ.

ಹುಳು ಸಾಕುವ ಹೆಂಗಸಿನ ಮಾತು ಅರ್ಜಿಯಲ್ಲಿ ಸೇರಿಸಬೇಕೋ ಬೇಡವೋ ಎಂಬ ಚರ್ಚೆ ನಡೆಯಿತು. ‘ಅಧಿಕಾರಿಗಳು ನಗ್ತಾರೆ’ ಎಂದರು ಕೆಲವರು. ನನಗೆ ಅದೇ ಅತ್ಯಂತ ಗಟ್ಟಿ ಮಾತೆನ್ನಿಸಿತು. ಅವರ ಹುಳುಮನೆಗೆ ನಾನು ಹೋಗಿದ್ದೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ, ಸುಣ್ಣ ಹರಡಿದ ಗೋಣಿಚೀಲ, ಅದರ ಮೇಲೆ ಕಾಲಿಟ್ಟೇ ಒಳಗೆ ಹೋಗಬೇಕು. ಒಳಗೆ ಕತ್ತಲು, ತಣ್ಣಗೆ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಹುಳು ಗೂಡು ಕಟ್ಟುವ ಚಂದ್ರಂಕಿಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಹೊಗೆಸೊಪ್ಪು ಹಾಕಿದ ಬಾಯಲ್ಲಿ ಒಳಗೆ ಬರಬೇಡ ಎಂದು ಅವರು ಸ್ವಂತ ಮಾವನನ್ನೇ ಹೊರಗೆ ನಿಲ್ಲಿಸುತ್ತಾರೆ. ಪಕ್ಕದ ತೋಟದಲ್ಲಿ ಔಷಧಿ ಹೊಡೆದರೆ ಆ ದಿನ ಕಿಟಕಿ ತೆಗೆಯುವುದಿಲ್ಲ, ಆ ಕಡೆಯ ಸೊಪ್ಪು ಕೊಯ್ಯುವುದಿಲ್ಲ.

‘ಹುಳ ಬಾಯಿ ಬುಟ್ಟು ಹೇಳಲ್ಲ ಅಣ್ಣ. ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಕೂತ್ಕತ್ತವೆ, ಅಷ್ಟೆ. ಒಂದು ಬೆಳೆ ಹೋದ್ರೆ ಸಂಘದ ಕಂತು ಯಾನ ಮಾಡಿ ಕಟ್ಟದು?’

ಕೊಳ್ಳೇಗಾಲದ ಹೆಸರು ರೇಷ್ಮೆ ಸೀರೆಯಿಂದ ನಾಡಿಗೆಲ್ಲ ಹಬ್ಬಿದೆ. ಆ ಸೀರೆಯ ಹಿಂದೆ ಇಂಥ ಹುಳುಮನೆಗಳಿವೆ. ಬಂಕಿನ ಜಾಗ ನೋಡಲು ಬರುವ ಅಧಿಕಾರಿಯ ನಮೂನೆಯಲ್ಲಿ ಶಾಲೆ, ಆಸ್ಪತ್ರೆ, ದೇವಸ್ಥಾನಕ್ಕೆ ಜಾಗವಿರಬಹುದು. ಹುಳುಮನೆಗೆ ಒಂದು ಸಾಲು ನಮ್ಮ ಜಿಲ್ಲೆಯಲ್ಲಾದರೂ ಬೇಕು.

ಇನ್ನು ಕಾಗದದ ವಿಷಯ. ಬಂಕಿಗೆ ಕೊನೆಯ ಪರವಾನಗಿ ಕೊಡುವುದು ಪೆಸೊ. ಅದಕ್ಕೆ ಮೊದಲು ಜಿಲ್ಲಾಧಿಕಾರಿಯ ನಿರಾಕ್ಷೇಪಣಾ ಪತ್ರ ಬೇಕು. 2002ರ ಪೆಟ್ರೋಲಿಯಂ ನಿಯಮಗಳ 144ನೇ ನಿಯಮ ಇದನ್ನು ಹೇಳುತ್ತದೆ. ಅರ್ಜಿ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾಧಿಕಾರಿ ವಿಚಾರಣೆ ಮುಗಿಸಬೇಕು. ಚಾಮರಾಜನಗರದಿಂದ ಪತ್ರ ಹೊರಡುತ್ತದೆ. ತಹಶೀಲ್ದಾರರು, ಪೊಲೀಸರು, ಅಗ್ನಿಶಾಮಕ ದಳ, ರಸ್ತೆಯ ಇಲಾಖೆ, ನಗರಸಭೆ ಅಥವಾ ಪಟ್ಟಣ ಪಂಚಾಯಿತಿ, ಒಬ್ಬೊಬ್ಬರೂ ವರದಿ ಕೊಡುತ್ತಾರೆ. ಗ್ರಾಮ ಆಡಳಿತಾಧಿಕಾರಿ ಸ್ಥಳಕ್ಕೆ ಬಂದು ಮಹಜರು ಮಾಡುತ್ತಾರೆ. ಬಂಕಿಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಲ್ಲ. ಅಕ್ಕಪಕ್ಕದ ಮನೆಯವರಿಗೆ ವಿಷಯ ಗೊತ್ತಾಗುವುದು ಜೆಸಿಬಿ ಸದ್ದಿನಿಂದ. ಅಷ್ಟು ಹೊತ್ತಿಗೆ ಎಷ್ಟೋ ಸಲ ಪತ್ರ ಆಗಿಹೋಗಿರುತ್ತದೆ. ಕೊಟ್ಟ ಪತ್ರವನ್ನು ರದ್ದು ಮಾಡುವ ಅವಕಾಶ 150ನೇ ನಿಯಮದಲ್ಲಿದೆ. ಅದು ಹೇಳುವುದು ಪರವಾನಗಿದಾರ ಆ ಜಾಗದ ಮೇಲಿನ ಹಕ್ಕು ಕಳೆದುಕೊಂಡ ಸಂದರ್ಭವನ್ನು. ಅಕ್ಕಪಕ್ಕದವರ ಅಳಲು ಅದರೊಳಗೆ ಬರುವುದಿಲ್ಲ. ಹಾಗಾಗಿ ತಕರಾರು ಏನಿದ್ದರೂ ಪತ್ರ ಆಗುವುದಕ್ಕೆ ಮೊದಲೇ ಜಿಲ್ಲಾಧಿಕಾರಿ ಕಚೇರಿಯ ಟಪಾಲಿನಲ್ಲಿ ಬಿದ್ದು ಮೊಹರು ಹಾಕಿಸಿಕೊಂಡಿರಬೇಕು. ಈ ಬಡಾವಣೆಯವರ ಅದೃಷ್ಟ, ಮೇಷ್ಟ್ರಿಗೆ ಆ ದಾರಿ ಗೊತ್ತಿತ್ತು.

ನಕ್ಷೆಯನ್ನು ಮೇಷ್ಟ್ರು ಬೈಕಿನ ಸೀಟಿನ ಮೇಲೆ ಹರಡಿ ತೋರಿಸಿದರು. ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಹೊಲ, ದಕ್ಷಿಣಕ್ಕೆ ಹೊಲ. ಪೂರ್ವಕ್ಕೆ ‘ಖಾಸಗಿ ಜಮೀನು’ ಎಂದು ಬರೆದು ಖಾಲಿ ಬಿಟ್ಟಿದ್ದರು. ನಾವು ತಲೆ ಎತ್ತಿ ಪೂರ್ವಕ್ಕೆ ನೋಡಿದರೆ ಮೂರು ಸಾಲು ಮನೆ. ನೀರಿನ ತೊಟ್ಟಿ, ಗಣಪತಿ ಕೂರಿಸುವ ಕಟ್ಟೆ, ಒಣಹಾಕಿದ ಸೀರೆ, ಅಂಗನವಾಡಿಯ ಗೋಡೆಯ ಮೇಲೆ ಬರೆದ ಅ ಆ ಇ ಈ.

ಇದು ಬರೆದವರ ಕಣ್ತಪ್ಪು ಮಾತ್ರ ಆಗಿರಲಾರದು. ಮಾರ್ಗಸೂಚಿಯಲ್ಲಿ ವಸತಿ ಪ್ರದೇಶ ಎಂಬುದರ ಜೊತೆಗೆ, ಸ್ಥಳೀಯ ಕಾನೂನಿನ ಪ್ರಕಾರ ಹಾಗೆಂದು ಗೊತ್ತುಪಡಿಸಿದ್ದು ಎಂಬ ವಿಶೇಷಣವೂ ಇದೆ. ನಮ್ಮ ಪೇಟೆಗಳ ಅಂಚಿನ ಎಷ್ಟೋ ಮನೆಗಳು ನಿಂತಿರುವುದು ರೆವಿನ್ಯೂ ಸೈಟುಗಳ ಮೇಲೆ. ಭೂಪರಿವರ್ತನೆ ಅರ್ಧ ಆಗಿದೆ, ಖಾತೆ ಆಗಿಲ್ಲ, ಬಡಾವಣೆಗೆ ಅನುಮೋದನೆ ಇಲ್ಲ. ಕರೆಂಟಿನ ಮೀಟರು ಕೂತಿದೆ, ನಲ್ಲಿ ಬಂದಿದೆ, ಮತದಾರರ ಪಟ್ಟಿಯಲ್ಲಿ ಹೆಸರಿದೆ, ತೆರಿಗೆಯ ರಸೀದಿಯೂ ಇದೆ. ನಕ್ಷೆಯ ಮೇಲೆ ಮಾತ್ರ ಅದು ಇನ್ನೂ ಹೊಲ. ದುಡ್ಡಿದ್ದವರು ಅನುಮೋದಿತ ಬಡಾವಣೆಯಲ್ಲಿ ಸೈಟು ತೆಗೆದುಕೊಳ್ಳುತ್ತಾರೆ, ಐವತ್ತು ಮೀಟರಿನ ರಕ್ಷಣೆ ಅವರಿಗೆ ಸಿಗುತ್ತದೆ. ಚೀಟಿ ಎತ್ತಿ, ಒಡವೆ ಅಡವಿಟ್ಟು ರೆವಿನ್ಯೂ ಸೈಟಿನಲ್ಲಿ ಎರಡು ಕೋಣೆ ಕಟ್ಟಿಕೊಂಡ ನೇಕಾರನಿಗೆ, ಗಾರೆ ಕೆಲಸದವನಿಗೆ ಅದು ಕೈ ತಪ್ಪುವ ಸಂಭವವಿದೆ. ಪೆಟ್ರೋಲ್ ಆವಿ ಖಾತೆ ಕೇಳಿ ಮನೆಯೊಳಗೆ ಬರುವುದಿಲ್ಲ. ಜನ ವಾಸವಿರುವುದು ಕಣ್ಣಿಗೆ ಕಾಣುವ ಕಡೆ ಅದನ್ನು ವಸತಿ ಪ್ರದೇಶ ಎಂದೇ ಲೆಕ್ಕ ಹಿಡಿಯಬೇಕು. ಜಿಲ್ಲಾಧಿಕಾರಿಗಳು ಇದಕ್ಕಾಗಿ ಹೊಸ ಕಾನೂನಿಗೆ ಕಾಯಬೇಕಿಲ್ಲ. ಅಲ್ಲಿ ಎಷ್ಟು ಮನೆಗಳಿವೆ ಎಂಬ ವಾಸ್ತವವನ್ನು ವರದಿಯಲ್ಲಿ ಬರೆಸಿ, ಅದರ ಮೇಲೆ ತೀರ್ಮಾನ ಮಾಡಿದರೆ ಸಾಕು.

ನೀರಿನ ಮಾತನ್ನೂ ಬಿಡುವಂತಿಲ್ಲ. ಯಳಂದೂರಿನ ಕಡೆ ಸುವರ್ಣಾವತಿಯ ಬಯಲು, ನೆಲದಲ್ಲಿ ನೀರು ಮೇಲೇ ಇದೆ. ಹನೂರಿನ ಕಡೆ ಒಣಭೂಮಿ, ಬೋರ್‌ವೆಲ್ಲೇ ಗತಿ. ಕೊಳ್ಳೇಗಾಲದಲ್ಲಿ ದೊಡ್ಡ ರಂಗನಾಥನ ಕೆರೆ, ಚಿಕ್ಕ ರಂಗನಾಥನ ಕೆರೆಗಳಿವೆ, ಮಳೆಯ ನೀರು ಕಾಲುವೆ ಹಿಡಿದು ಕೆರೆಗೆ ಸೇರುವ ಹಳೆಯ ಏರ್ಪಾಡು ಇದೆ. ನೆಲದೊಳಗಿನ ಟ್ಯಾಂಕ್ ಸೋರಿದರೆ ಮೊದಲ ಸುಳಿವು ಸಿಗುವುದು ಬಹುಪಾಲು ಅಕ್ಕಪಕ್ಕದ ಕೊಳವೆಬಾವಿಯ ನೀರಿನ ವಾಸನೆಯಲ್ಲಿ. ಅಷ್ಟರಲ್ಲಿ ಕಾಲ ಮೀರಿರುತ್ತದೆ. ಹೊಲ ಮಟ್ಟ ಮಾಡುವಾಗ ಬದಿಯ ಹಳ್ಳಕ್ಕೆ ಮಣ್ಣು ತುಂಬಿದ್ದನ್ನು ಹುಡುಗರು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟಿದ್ದಾರೆ. ಅದು ಒಳ್ಳೆಯ ಕೆಲಸ. ಮಳೆನೀರು ಹೊರಹೋಗದೆ ಬಂಕ್‌ಗೆ ನುಗ್ಗಿದರೆ ಏನಾಗಬಹುದೆಂದು ಘಾನಾ ದೇಶದ ಅಕ್ರಾ ನಗರ ಕಂಡಿದೆ. 2015ರ ಜೂನ್ 3ರ ರಾತ್ರಿ ಅಲ್ಲಿ ಜಡಿಮಳೆ. ಬಂಕಿನ ಚಾವಣಿಯ ಕೆಳಗೆ ಜನ ನೆರೆದಿದ್ದರು. ನೆರೆನೀರಿನ ಮೇಲೆ ಇಂಧನ ತೇಲಿತು, ಬೆಂಕಿ ಹೊತ್ತಿತು. ಪ್ರವಾಹ, ಬೆಂಕಿ ಎರಡೂ ಸೇರಿ ನೂರೈವತ್ತಕ್ಕೂ ಹೆಚ್ಚು ಜನ ಸತ್ತರು.

‘ಇಷ್ಟೆಲ್ಲ ಹೇಳಿದರೆ ಅಭಿವೃದ್ಧಿಗೆ ಅಡ್ಡಗಾಲು ಅಂತಾರೆ ಮೇಷ್ಟ್ರೇ’ ಎಂದ ಕೋಲು ಹಿಡಿದಿದ್ದ ಹುಡುಗ.

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ‘ಅನ್ಲಿ ಬಿಡಪ್ಪ. ನಾವು ಎಲ್ಲಿ ಆಗಬಹುದು ಅಂತಾನೂ ಬರೀತೀವಿ.’

ಬರೆದರು ಕೂಡ. ಅರ್ಜಿಯ ಎರಡನೇ ಹಾಳೆಯಲ್ಲಿ ಅದೇ ರಸ್ತೆಯ ಮೇಲೆ, ಮನೆಗಳಿಲ್ಲದ, ಹೈಟೆನ್ಷನ್ ತಂತಿ ಹಾಯದ, ಹಳ್ಳಕ್ಕೆ ದೂರವಾದ ಎರಡು ಕಡೆಯ ವಿವರವಿದೆ. ಯಾರ ಜಮೀನು ಎಂದು ಬರೆದಿಲ್ಲ, ಯಾವ ಕಲ್ಲಿನಿಂದ ಯಾವ ಕಲ್ಲಿನವರೆಗೆ ಎಂದಷ್ಟೇ ಬರೆದಿದ್ದಾರೆ. ಅಂಗನವಾಡಿಯ ಗೋಡೆ ನಲವತ್ತೇಳು ಮೀಟರಿನಲ್ಲಿದೆ ಎಂಬುದನ್ನು ಬೇರೆಯಾಗಿ ನಮೂದಿಸಿ, ಅದನ್ನು ಶಾಲೆಯೆಂದೇ ಪರಿಗಣಿಸಬೇಕು ಎಂದಿದ್ದಾರೆ. ಹುಳುಮನೆಯ ಮಾತು ಕೊನೆಗೂ ಸೇರಿತು. ಸಾಗುವಳಿ ಹೊಲದಲ್ಲಿ ಬಿದ್ದ ಬೇವಿನ ಮರದ ಮಾತನ್ನು ಹೊಡೆದು ಹಾಕಿದರು, ಅದು ಇನ್ನೊಂದು ಇಲಾಖೆಯ ವಿಷಯ, ಗೊಂದಲ ಆಗುತ್ತದೆ ಎಂದು.

ಸಹಿಗಳು ಮನೆಮನೆಗೆ ಹೋಗಿ ಆದವು. ಒಲೆ ಆರಿಸಿ ಬಂದ ಆ ಮೊದಲ ಮನೆಯ ಹೆಂಗಸು ಹೆಬ್ಬೆಟ್ಟು ಬೇಡ, ಸಹಿಯನ್ನೇ ಹಾಕುತ್ತೇನೆ ಎಂದು ಅಕ್ಷರ ಅಕ್ಷರ ಬಿಡಿಸಿ ಬರೆದರು. ಅರ್ಜಿಯ ಕಡೆಯ ಬೇಡಿಕೆ ಮೇಸ್ತ್ರಿ ಸೂಚಿಸಿದ್ದು: ಮಹಜರಿಗೆ ಬರುವ ದಿನ ನಮಗೂ ನೋಟಿಸ್ ಕೊಡಿ, ನಮ್ಮೆದುರೇ ಟೇಪು ಹಿಡಿಯಿರಿ, ಬಂದ ಅಂಕಿಯ ಕೆಳಗೆ ನಮ್ಮ ಸಹಿಯನ್ನೂ ಹಾಕಿಸಿಕೊಳ್ಳಿ. ಸೋಮವಾರ ಬೆಳಿಗ್ಗೆ ಮೇಷ್ಟ್ರು ಮತ್ತು ಹುಳು ಸಾಕುವ ಹೆಂಗಸು ಚಾಮರಾಜನಗರದ ಬಸ್ಸು ಹತ್ತಿದರು. ಟಪಾಲಿನಲ್ಲಿ ಮೂಲ ಪ್ರತಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ, ನಂಬರು ಹಾಕಿಸಿಕೊಂಡರು. ಪೆಸೊಗೆ ಒಂದು ಪ್ರತಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ಪ್ರತಿ ಅಂಚೆಯಲ್ಲಿ ರಿಜಿಸ್ಟರ್ ಆಗಿ ಹೋದವು. ಮಹಜರಿನ ನೋಟಿಸ್ ಇನ್ನೂ ಬಂದಿಲ್ಲ.